ಮೊದಲು ಇಲಿಗೆ ಕೊಡು

ತುರ್ವಿಹಾಳ
9 ಜುಲೈ 1996

ಮಗಳು ಹೊನ್ನೂರಮ್ಮಗ,

ಕಾಲುವಿಗೆ ನೀರು ಬಿಟ್ಟು ಇವತ್ತಿಗೆ ನಾಕು ದಿನ ಆತು. ಗೇಟಿನ ಗುಡಿಸಲದಾಗ ಕುಂತು ಬರಿಯಾಕತ್ತೀನಿ. ಮ್ಯಾಲಿನ ರೈತರು ಇನ್ನೊಂದು ಸುತ್ತು ತಿರುವು ಅಂತಾರ, ಕೆಳಗಿನವರು ನಮ್ಮ ಪಾಲಿನ ನೀರು ಎಲ್ಲಿ ಅಂತಾರ. ಮೂವತ್ತು ವರ್ಷದಿಂದ ಅದೇ ಗೇಟು, ಅದೇ ಚಾವಿ, ಅದೇ ಜಗಳ.

ನಿಮ್ಮವ್ವ ಅಮರಮ್ಮ ಚೆಂದಾಗಿ ಅದಾಳ. ನಿಮ್ಮಣ್ಣನ ಹೆಂಡ್ತಿಗೆ ಆರು ತಿಂಗಳು ತುಂಬ್ಯಾವ. ನಾನೂ ಆರಾಮ ಅದೀನಿ. ಈಗೀಗ ಗುಡಿಸಲದಾಗ ಮಲಗತೀನಿ, ಮನಿಯಾಗ ಪದೇ ಪದೇ ಎದ್ರ ಎಲ್ಲರ ನಿದ್ದಿ ಕೆಡತೈತಿ. ಹೈದರಾಬಾದಿಗೆ ಬರ್ತೀನಿ ಅಂದಿದ್ದೆ, ಈ ವರ್ಷ ಆಗಂಗಿಲ್ಲ. ಅಷ್ಟು ಹೊತ್ತು ಬಸ್ಸಿನಾಗ ಕುಂದ್ರಾಕ ಬ್ಯಾಸರ.

ಊರಾಗ ಯಾರಾದ್ರೂ ಕೇಳಿದ್ರ, ನನ್ನ ಮಗಳು ಕ್ಯಾನ್ಸರಿನ ಮ್ಯಾಲೆ ದೊಡ್ಡ ಕೆಲಸ ಮಾಡಾಕತ್ಯಾಳ ಅಂತ ಹೇಳತೀನಿ. ಯಾವ ಕ್ಯಾನ್ಸರ್ ಅಂದ್ರ ನನ್ನ ಬಾಯಿ ಕಟ್ಟತೈತಿ. ಯಾವುದು ಅಂತ ಒಂದ್ಸಲ ತಿಳಿಯಂಗ ಬರಿ.

ನಿಮ್ಮಪ್ಪ,
ವೆಂಕೋಬ


ಹೈದರಾಬಾದ್
19 ಜುಲೈ 1996

ಅಪ್ಪಾ,

ನಿನ್ನ ಪತ್ರ ಕೈಸೇರಿತು. ಅಕ್ಷರ ಯಾಕೋ ವಾರೆ ವಾರೆ ಹೋಗ್ಯಾವ. ಕಣ್ಣು ತೋರಿಸಿಕೋ.

ಯಾವ ಕ್ಯಾನ್ಸರ್ ಅಂತ ಕೇಳೀದಿ. ಹೇಳಾಕ ನಾಚಿಕಿ, ಅದಕ್ಕ ಎರಡು ವರ್ಷ ಸುಮ್ಮನಿದ್ದೆ. ಗಂಡಸರಿಗೆ ಉಚ್ಚಿ ಚೀಲದ ಬುಡಕ್ಕ ನೆಲ್ಲಿಕಾಯಿಯಷ್ಟು ಒಂದು ಗ್ರಂಥಿ ಇರತೈತಿ, ಪ್ರಾಸ್ಟೇಟ್ ಅಂತಾರ. ವಯಸ್ಸಾದವರಲ್ಲಿ ಕೆಲವರಿಗೆ ಅಲ್ಲಿ ಕ್ಯಾನ್ಸರ್ ಆಗತೈತಿ. ಎಂದೋ ತೀರಿಕೊಂಡ ಹೊರದೇಶದ ಒಬ್ಬ ರೋಗಿಯ ಜೀವಕೋಶ ಇನ್ನೂ ನಮ್ಮ ಗಾಜಿನ ತಟ್ಟ್ಯಾಗ ಬೆಳೀತಾ ಅದಾವ. ಅವುಗಳ ಮ್ಯಾಲೆ ಕಿರಣ ಬಿಟ್ಟು, ಎಷ್ಟು ಸತ್ತವು, ಎಷ್ಟು ಉಳದವು ಅಂತ ಎಣಿಸೂದು ನನ್ನ ಕೆಲಸ. ಊರಾಗ 'ಹೊಟ್ಟೀದು' ಅಂತ ಹೇಳು, ಸಾಕು.

ನಿನ್ನ ಮಗಳು,
ಹೊನ್ನು


ಮಸ್ಕಿ
11 ಆಗಸ್ಟ್ 1996

ಬೇಟಿ ಹೊನ್ನೂ,

ನಿಮ್ಮಪ್ಪನ ಮುಂದ ಕಸಂ ತಿಂದಿದ್ದೆ, ಇವತ್ತು ಮುರಿಯಾಕತ್ತೀನಿ. ಖುದಾ ಮಾಫ್ ಮಾಡಲಿ.

ನಾ ಈ ದವಾಖಾನಿಗೆ ಕಂಪೌಂಡರ್ ಆಗಿ ಬಂದ ವರ್ಷದಿಂದ ವೆಂಕೋಬ ನನ್ನ ದೋಸ್ತ. ಯಾವ ಮಾತೂ ಮುಚ್ಚಿಟ್ಟವ ಅಲ್ಲ. ಈ ಸಲ ಮುಚ್ಚಿಟ್ಟಾನ. ಹೋದ ಚಳಿಗಾಲದಿಂದ ಅವಗ ಉಚ್ಚಿ ಕಟ್ಟತೈತಿ. ಎರಡು ಸಲ ನಾನೇ ರಬ್ಬರ್ ನಳಗಿ ಹಾಕಿ ಬಿಡಿಸೀನಿ. ಮೊದಲನೇ ಸಲ, "ಇಸ್ಮಾಯಿಲ್, ಊರಿಗೆಲ್ಲ ನೀರು ಬಿಡೋನಿಗೆ ತನ್ನ ನೀರು ಬಿಡಾಕ ಬರವಲ್ದು ನೋಡು," ಅಂತ ನಕ್ಕ. ಎರಡನೇ ಸಲಕ್ಕ ನಗಲಿಲ್ಲ.

ಲಿಂಗಸುಗೂರಿಗೆ ತಿಂಗಳಿಗೊಮ್ಮೆ ಬರೋ ಡಾಕ್ಟರ್ ಹತ್ರ ಕರಕೊಂಡು ಹೋದೆ. ಬೆರಳಿಟ್ಟು ನೋಡಿ, ಗ್ರಂಥಿ ಕಲ್ಲಿನಂಗ ಗಟ್ಟಿ ಆಗೈತಿ ಅಂದ್ರು. ಚೂರು ತೆಗೆದು ಕಳಿಸಿದ್ರು. ರಿಪೋರ್ಟು ಬಂತು ಬೇಟಿ. ನೀ ಯಾವ ಬೇಮಾರಿ ಮ್ಯಾಲೆ ಕೆಲಸ ಮಾಡಾಕತ್ತೀಯೋ, ಅದೇ.

ಎಲುಬಿಗೆ ಇನ್ನೂ ಹೋಗಿಲ್ಲ. ಡಾಕ್ಟರ್ ಹೇಳಿದ್ರು, "ಎರಡೂ ಬೀಜ ತೆಗೀಬೇಕು. ಅವು ತಯಾರು ಮಾಡೋ ರಸಾನೇ ಈ ಗಂಟಿಗೆ ಗೊಬ್ಬರ. ಆಮ್ಯಾಲೆ ಹುಬ್ಬಳ್ಳಿಯಾಗ ಏಳು ವಾರ ಕರೆಂಟು, ಅಂದ್ರ ಕಿರಣ, ಕೊಡಬೇಕು." ವೆಂಕೋಬ ಕೇಳಿದ, "ಹೋರಿಗೆ ಮಾಡಿದಂಗೇನ್ರಿ ಸಾಹೇಬ್ರ?" ಡಾಕ್ಟರ್ ತಲಿ ತಗ್ಗಿಸಿದ್ರು. ಇವ ಎದ್ದು, ಕೈ ಮುಗದು, ಹೊರಗ ನಡದ. ಬಸ್‌ಸ್ಟ್ಯಾಂಡಿನ ನಳದಾಗ ಮುಖ ತೊಳ್ಕೊಂತ ನಿಂತಿದ್ದ. "ಬಂದಂಗ ಇಡಿಯಾಗಿ ಹೋಗತೀನಿ, ಇಸ್ಮಾಯಿಲ್. ಮಗಳಿಗೆ ಹೇಳಿದ್ರ ನನ್ನ ಹೆಣ ನೋಡ್ತಿ," ಅಂದ.

ಹೋದ ವಾರ ನಿನ್ನ ಪತ್ರ ತಂದು ನನ್ನ ಮುಂದ ಇಟ್ಟ. ಅವನ ಕೈ ಹಿಡಿಯಾಕ ಸೈತ ನನಗ ಅಂಜಿಕಿ ಆತು. "ನನ್ನ ಮಗಳು ದಿನಾ ಎಣಸೂದು ನನ್ನನ್ನ," ಅಂದ.

ಕರೆಂಟಿಗೆ ಇದು ಸಾಯತೈತೇನು? ನೀ ನೋಡಾಕತ್ತೀದಿ. ಖರೇ ಹೇಳು.

ನಿನ್ನ ಚಾಚಾ,
ಇಸ್ಮಾಯಿಲ್‌ಸಾಬ್


ಹೈದರಾಬಾದ್
17 ಆಗಸ್ಟ್ 1996

ಚಾಚಾ,

ಪತ್ರ ಲ್ಯಾಬಿನಾಗ ಓದಿದೆ. 'ಹೊಟ್ಟೀದು ಅಂತ ಹೇಳು' ಅಂತ ಅಪ್ಪಗ ಬರದ ಕೈ ಇದು.

ಖರೇ ಕೇಳೀರಿ, ಹೇಳತೀನಿ. ಕಿರಣ ಬಿದ್ದ ಕೂಡಲೇ ಕೋಶದೊಳಗಿನ ಡಿಎನ್‌ಎ ಎಳಿ ಹರಿತಾವ. ಎಲ್ಲ ಹರದು ಚಿಂದಿಯಾದದ್ದು ನಾನೇ ಕಣ್ಣಾರೆ ನೋಡತೀನಿ. ಆರು ತಾಸು ಬಿಟ್ಟು ಮತ್ತ ನೋಡಿದ್ರ ಹರದದ್ದು ಕೂಡಿರತಾವ. ಅವುಗಳ ಒಳಗ ಒಂದು ಪ್ರೋಟೀನ್ ಐತಿ ಚಾಚಾ, ಕೈನೇಸ್ ಅಂತಾರ. ಎಳಿ ಹರೀತು ಅಂತ ಮೊದಲು ಅದಕ್ಕ ಗೊತ್ತಾಗತೈತಿ. ಅದು ಉಳಿದ ಪ್ರೋಟೀನುಗಳಿಗೆ ಗುರುತು ಹಚ್ಚಿ ಎಬ್ಬಿಸತೈತಿ, ಅವು ಬಂದು ಹರದದ್ದು ಹೊಲೀತಾವ. ಆ ಕೈನೇಸ್ ಜೋರಿದ್ದ ಕೋಶ ಕಿರಣಕ್ಕ ಜಗ್ಗಂಗಿಲ್ಲ. ಈ ವಾರ ನೂರರಾಗ ಅರವತ್ತು ಉಳದಾವ.

ಎರಡು ವರ್ಷ ಅವು ಉಳದಷ್ಟೂ ನನಗ ಖುಷಿ ಆಗತಿತ್ತು, ಪ್ರಯೋಗ ಚೆಂದ ಬಂತು ಅಂತ. ಇವತ್ತು ಸೂಕ್ಷ್ಮದರ್ಶಕದ ಮುಂದ ಕುಂದ್ರಾಕ ಆಗಲಿಲ್ಲ.

ದವಾಖಾನಿಯಾಗ ದಿನಾ ದಿನಾ ಕೊಡ್ತಾರ, ತಟ್ಟ್ಯಾಗಿನ ಲೆಕ್ಕ ಮನುಷ್ಯಾಗ ಹಂಗ ಬರಂಗಿಲ್ಲ. ಆಪರೇಷನ್, ಕರೆಂಟು ಎರಡೂ ಮಾಡಿಸ್ರಿ. ಅರವತ್ತರ ಮಾತು ಅಪ್ಪಗ ಹೇಳಬ್ಯಾಡ್ರಿ.

ಹೊನ್ನೂರಮ್ಮ


ತುರ್ವಿಹಾಳ
2 ಸೆಪ್ಟೆಂಬರ್ 1996

ಹೊನ್ನೂ,

ಇಸ್ಮಾಯಿಲ್ ಹೇಳ್ಯಾನಂತ. ಅವನ ಜೋಡಿ ಎಂಟು ದಿನ ಮಾತು ಬಿಟ್ಟಿದ್ದೆ. ಅವಂದೂ ತಪ್ಪಿಲ್ಲ.

ಇಂಥಾದ್ದು ತಂದಿ ಮಗಳು ಬರಿಯೋ ಮಾತಲ್ಲ. ಒಂದೇ ಸಲ ಬರಿತೀನಿ, ಓದಿ ಹರದು ಹಾಕು.

ಹೋದ ವರ್ಷ ಕೊಡಲಿ ಕಾವು ಹಿಡಕೊಂಡು ಹದಿನೆಂಟು ಮಂದಿ ಗೇಟಿಗೆ ಬಂದಿದ್ರು. ನನ್ನ ಕೈಯಾಗ ಚಾವಿ ಬಿಟ್ರ ಏನಿದ್ದಿಲ್ಲ. "ಕೆಳಗಿನವರ ಪಾಲು ಕೊಟ್ಟ ಮ್ಯಾಲೆ ನಿಮಗ" ಅಂತ ನಿಂತೆ. ಹೊಳ್ಳಿ ಹೋದ್ರು. ಯಾಕ ಹೋದ್ರು? ಎದುರಿಗೆ ಒಬ್ಬ ಗಂಡಸು ನಿಂತಾನ ಅಂತ. ನಾಳೆ ವೆಂಕೋಬನ್ನ ಎತ್ತು ಮಾಡ್ಯಾರ ಅಂತ ಸಿಂಧನೂರು ಸಂತ್ಯಾಗ ಸುದ್ದಿ ಆದ್ರ ಯಾರು ನಿಲ್ತಾರ ನನ್ನ ಮುಂದ? ನಿಮ್ಮವ್ವನ ಮುಖ ಹೆಂಗ ನೋಡಲಿ? ಆಕಿಗೆ ಉಚ್ಚಿ ಚೀಲದಾಗ ಬರೇ ಕಲ್ಲು ಆಗೈತಿ ಅಂತ ಹೇಳೀನಿ.

ಸಾಯೂದಕ್ಕ ಅಂಜಂಗಿಲ್ಲ ಅಂತ ಬರದಿದ್ದೆ, ಅಳಿಸಿದೆ. ಅಂಜತೀನಿ. ಸಂತೆಕಲ್ಲೂರಾಗ ನಮ್ಮ ಕಾಕಾ ಸೊಂಟದ ಬ್ಯಾನಿಯಾಗ ಮೂರು ತಿಂಗಳು ಒದರಿ ಸತ್ತ. ಅವನೂ ಉಚ್ಚಿ ಕಟ್ಟತೈತಿ ಅಂತಿದ್ದ. ಆವಾಗ ಯಾರಿಗೆ ಗೊತ್ತಿತ್ತು.

ನೀ ಬರಬ್ಯಾಡ.

ವೆಂಕೋಬ


ಹೈದರಾಬಾದ್
14 ಸೆಪ್ಟೆಂಬರ್ 1996

ಚಾಚಾ,

ಇದನ್ನ ನೀವೊಬ್ಬರೇ ಓದ್ರಿ.

ಆ ಕೈನೇಸಿನ ಕೈ ಕಟ್ಟೋ ಒಂದು ಔಷಧ ನಮ್ಮ ಫ್ರಿಜ್ಜಿನಾಗ ಐತಿ. ಹೊರದೇಶದಿಂದ ತರಿಸಿದ್ದು, ಕಡ್ಲಿ ಕಾಳಿನಷ್ಟು ಬಿಳಿ ಪುಡಿ. ಅದನ್ನ ಹಾಕಿ ಕಿರಣ ಬಿಟ್ರ ಹರದ ಎಳಿ ಹರದಂಗ ಉಳಿತಾವ. ಅರವತ್ತು ಉಳಿಯೋ ಕಡಿ ಒಂಬತ್ತು ಉಳಿತಾವ. ಮೂರು ಸಲ ಮಾಡೀನಿ, ಮೂರು ಸಲವೂ ಒಂಬತ್ತು, ಹತ್ತು, ಒಂಬತ್ತು.

ಕತ್ತರಿ ಬ್ಯಾಡ, ಬರೇ ಕರೆಂಟು ಅಂದ್ರ ಅಪ್ಪ ಹುಬ್ಬಳ್ಳಿಗೆ ಹೋಗತಾನ. ಕರೆಂಟಿಗೆ ಹೋಗೋ ಮೊದಲು ಈ ಔಷಧದ ಒಂದು ಸೂಜಿ. ನೀವು ಸೂಜಿ ಹಾಕಿದ್ದು ನೋವಾಗಂಗಿಲ್ಲ ಅಂತ ಇಡೀ ಮಸ್ಕಿ ಅಂತೈತಿ. ದಸರಾ ರಜೆಗೆ ತರ್ತೀನಿ. ಯಾರಿಗೂ ಗೊತ್ತಾಗಂಗಿಲ್ಲ. ಅಪ್ಪಗ ತಾಕತ್ತಿನ ಸೂಜಿ ಅಂತ ಹೇಳ್ರಿ.

ತಟ್ಟ್ಯಾಗಿನವು ದಿನಾ ಬೆಳೀತಾವ. ಅಪ್ಪನ ಒಳಗೂ ಬೆಳೀತಿರತಾವ, ನಾ ಇಲ್ಲಿ ಕುಂತು ಅನ್ನ ಉಣ್ಣಾಕತ್ತೀನಿ.

ಹೂಂ ಅನ್ರಿ.

ಹೊನ್ನು


ಮಸ್ಕಿ
22 ಸೆಪ್ಟೆಂಬರ್ 1996

ಬೇಟಿ,

ಇಲ್ಲ.

ಯಾಕ ಇಲ್ಲ ಅಂತ ಹೇಳತೀನಿ. ಇದನ್ನ ನನ್ನ ಹೆಂಡ್ತಿ ಲಾಲ್‌ಬೀಗೂ ಹೇಳಿಲ್ಲ. 1983ರ ಬ್ಯಾಸಗಿ. ನಮ್ಮ ದವಾಖಾನಿ ಡಾಕ್ಟರ್ ಲಿಂಗಸುಗೂರಿಗೆ ಹೋಗಿದ್ರು. ಗಾಳೆಮ್ಮ ಅಂತ ಒಬ್ಬಾಕಿ, ಹಡದು ಒಂಬತ್ತು ದಿನ, ಮೈ ಸುಡೋ ಜ್ವರ. ಗಂಡ ಕೈ ಮುಗದು ನಿಂತಿದ್ದ. ಡಾಕ್ಟರ್ ಯಾವ ಸೂಜಿ ಹಾಕ್ತಾರ ನನಗ ಗೊತ್ತಿತ್ತು, ಸಾವಿರ ಸಲ ಹಾಕೀನಿ. ಮೈಗೆ ಒಗ್ಗತೈತೋ ಇಲ್ಲೋ ಅಂತ ಮೊದಲು ಚರ್ಮಕ್ಕ ಒಂದು ಹನಿ ಹಾಕಿ ನೋಡಬೇಕು ಅನ್ನೋದೂ ಗೊತ್ತಿತ್ತು. ಆಕಿ ನರಳೂದು ನೋಡಲಾರದ ನೇರವಾಗಿ ಹಾಕಿದೆ. "ಅಣ್ಣಾ, ನೀರು," ಅಂದ್ಲು. ನೀರು ತರೋದ್ರೊಳಗ ಬೆಂಚಿನ ಮ್ಯಾಲೆ ತಣ್ಣಗಾಗಿದ್ಲು.

ಡಾಕ್ಟರ್ ಬಂದು ಬಾಣಂತಿ ಜ್ವರ ಅಂತ ಬರದ್ರು. ಗಂಡ ಬಂದು ನನ್ನ ಕೈ ಹಿಡಿದು, "ನೀವು ಬಹಳ ಓಡಾಡಿದ್ರಿ," ಅಂದ. ಹದಿಮೂರು ವರ್ಷ ಆತು. ನನ್ನ ಸೂಜಿ ನೋವಾಗಂಗಿಲ್ಲ ಅಂತ ಮಂದಿ ಅಂದಾಗೆಲ್ಲ ಒಳಗ ಏನಾಗತೈತಿ, ನಿನಗ ಹೇಳಾಕ ಬರಂಗಿಲ್ಲ.

ನೀನೂ ನೋಡಲಾರದ ಹೊಂಟೀದಿ. ಆ ಪುಡಿ ಯಾವ ಮನುಷ್ಯನ ಮೈಯಾಗ ಹೋಗೈತಿ? ನೀ ಬರದಿಲ್ಲ. ಅಂದ್ರ ನಿನಗ ಗೊತ್ತಿಲ್ಲ.

ಇಸ್ಮಾಯಿಲ್


ಹೈದರಾಬಾದ್
26 ಅಕ್ಟೋಬರ್ 1996

ಚಾಚಾ,

ದಸರಾಕ್ಕ ಊರಿಗೆ ಹೋಗಿದ್ದೆ. ಮಸ್ಕಿಗೆ ಬರಲಿಲ್ಲ, ನಿಮ್ಮ ಮುಖ ನೋಡೋ ಧೈರ್ಯ ಇರಲಿಲ್ಲ. ನಿಮ್ಮ ಪತ್ರ ಓದಿಯೂ ನಾ ಔಷಧದ ಬಾಟಲಿ ಒಯ್ದಿದ್ದೆ. ನೀವು ಒಲ್ಲೆ ಅಂದ್ರೂ ನಾನೇ ಹಾಕಿ ಹುಬ್ಬಳ್ಳಿಗೆ ಕರಕೊಂಡು ಹೋಗೂದು ಅಂತ ಲೆಕ್ಕ. ಸೂಜಿ ಹಿಡಿಯೂದು ಲ್ಯಾಬಿನಾಗ ಕಲತಿದ್ದೆ.

ಬರ್ಫ್ ತುಂಬಿದ ಥರ್ಮಸ್ ಹಿಡಕೊಂಡು ಮಧ್ಯಾಹ್ನ ಗೇಟಿಗೆ ಹೋದೆ. ಅಪ್ಪ ರೊಟ್ಟಿ ಬಿಚ್ಚಿದ್ದ. ಬಹಳ ಇಳಿದಾನ. ನನ್ನ ನೋಡಿ ಟವೆಲ್ ತೊಡಿ ಮ್ಯಾಲೆ ಹಾಕ್ಕೊಂಡ. ಒಳಗ ನಳಗಿ ಇತ್ತು, ನಾ ನೋಡಬಾರದು ಅಂತ.

"ಚಹಾ ತಂದೀಯೇನು?" ಅಂದ. ತಾಕತ್ತಿನ ಸೂಜಿ ಅಂತ ಹೇಳಬೇಕಿತ್ತು. ಬಾಯಿ ತಗದ್ರ ಬರೇ ಖರೇ ಬಂತು, ಎಲ್ಲಾ ಹೇಳಿಬಿಟ್ಟೆ. ಅರವತ್ತು ಉಳಿಯೋದು, ಒಂಬತ್ತು ಉಳಿಯೋದು, ಎಲ್ಲಾ.

ಅಪ್ಪ ರೊಟ್ಟಿ ಮಡಚಿಟ್ಟ. "ಇಲ್ಲೀತನ ಯಾರಿಗೆ ಕೊಟ್ಟೀರಿ ಇದನ್ನ?"

"ಯಾರಿಗೂ ಇಲ್ಲ. ತಟ್ಟ್ಯಾಗಿನವಕ್ಕಷ್ಟ."

"ಇಲಿಗೆ?"

"ಇನ್ನೂ ಇಲ್ಲ. ಜನವರಿಗೆ ಶುರು ಮಾಡತೀವಿ."

"ಅಲ್ಲಿ ಯಾರನ್ನರ ಕೇಳಿ ತಂದೀಯೇನು?"

ನಾ ಥರ್ಮಸ್ಸಿನ ಮುಚ್ಚಳ ಬಿಗಿ ಮಾಡಿದೆ. ಅಪ್ಪ ನನ್ನ ಎರಡೂ ಕೈ ಹಿಡಕೊಂಡ.

"ಮೊದಲು ಇಲಿಗೆ ಕೊಡು," ಅಂದ. "ಅಲ್ಲೀತನ ನಾ ಡಾಕ್ಟರ್ ಹೇಳಿದ್ದು ಮಾಡಿಸಿಕೊಂತೀನಿ."

"ಅದು ನಿನಗ ಬ್ಯಾಡಾಗಿತ್ತಲ್ಲಪ್ಪ?"

"ಈಗೂ ಬ್ಯಾಡ. ನೀ ಕಳ್ಳಿ ಆಗೂದು ಅದಕ್ಕಿಂತ ಬ್ಯಾಡ. ನಾಳೆ ಈ ಸೂಜಿಯಿಂದ ನನಗ ಏನರ ಆದ್ರ ನೀ ಹೆಂಗ ಬದುಕ್ತಿ?"

ಚಾಚಾ, ನಿಮ್ಮ ಗಾಳೆಮ್ಮನ ಮಾತು ಅಪ್ಪಗ ಗೊತ್ತಿಲ್ಲ. ನಾ ಹೇಳಿಲ್ಲ. ಆದ್ರ ಅದೇ ಮಾತು ಕೇಳಿದ.

ಸಂಜಿಗೆ ಅವ್ವಗ ತಾನೇ ಎಲ್ಲಾ ಹೇಳಿದ. ಅವ್ವ ಎದ್ದು ಹೋಗಿ ಹುಬ್ಬಳ್ಳಿಗೆ ಒಯ್ಯೋ ಚೀಲ ತುಂಬಾಕ ನಿಂತಳು. ಬಾಟಲಿ ಹೊಳ್ಳಿ ತಂದು ಫ್ರಿಜ್ಜಿನಾಗ ಇಟ್ಟೀನಿ. ನನ್ನ ಸಂಶೋಧನೆ ನೋಡಿಕೊಳ್ಳೋ ಗೈಡ್‌ಗೆ ನಾನೇ ಹೋಗಿ ಹೇಳಿದೆ. ಅವರು ನನ್ನ ಕಡಿ ನೋಡಲಿಲ್ಲ. ಕೈ ಚಾಚಿದ್ರು, ಫ್ರಿಜ್ಜಿನ ಚಾವಿ ಕೊಟ್ಟೆ.

ಹೊನ್ನು


ಹುಬ್ಬಳ್ಳಿ
6 ಜನವರಿ 1997

ಹೊನ್ನೂ,

ಆಪರೇಷನ್ ಆಗಿ ಆರು ವಾರ ಆತು. ಅದರ ಬಗ್ಗೆ ಬರಿಯಂಗಿಲ್ಲ. ಗಾಯ ಮಾದೈತಿ. ನಳಗಿ ತಗದಾರ, ತಾನಾ ಉಚ್ಚಿ ಬರತೈತಿ. ಮೊದಲ ದಿನ ಬಚ್ಚಲದಾಗ ಒಬ್ಬನೇ ನಿಂತು ಅತ್ತೆ.

ಈಗ ಕರೆಂಟು. ಇವತ್ತಿಗೆ ಹನ್ನೊಂದು ಆದವು. ಹಲಗಿ ಮ್ಯಾಲೆ ಮಲಗಿಸಿ, ಹೊಟ್ಟಿ ಮ್ಯಾಲೆ ನೀಲಿ ಗೆರಿ ಎಳದು, ಅಲ್ಲಾಡಬ್ಯಾಡ ಅಂತ ಹೇಳಿ ಎಲ್ಲರೂ ಹೊರಗ ಓಡಿ ಹೋಗತಾರ. ಬಾಗಲಾ ಒಂದು ಗೇಣು ದಪ್ಪ. ಅದು ಮುಚ್ಚೋ ಸಪ್ಪಳಕ್ಕ ನನ್ನ ಎದಿ ಒಡಿತೈತಿ. ಇವರೆಲ್ಲ ಓಡಿ ಹೋಗೋ ಜಾಗದಾಗ ನನ್ನೊಬ್ಬನ್ನ ಯಾಕ ಬಿಡ್ತಾರ? ಬಾಜೂ ಹಾಸಿಗಿಯ ಮಾಸ್ತರು, "ಕಣ್ಣು ಮುಚ್ಚಿ ಮಗ್ಗಿ ಹೇಳ್ರಿ," ಅಂದ್ರು. ಹದಿನೇಳರ ಮಗ್ಗಿ ಮುಗಿಯೋದ್ರಾಗ ಬಾಗಲಾ ತೆರಿತೈತಿ. ಹೋದ ಸೋಮವಾರದಿಂದ ಮಾಸ್ತರ ಹಾಸಿಗಿ ಖಾಲಿ ಐತಿ. ಎಲ್ಲಿ ಹೋದ್ರು ಅಂತ ನರ್ಸ್‌ಗೆ ಕೇಳಿಲ್ಲ.

ಈ ಥಂಡ್ಯಾಗೂ ಒಮ್ಮೊಮ್ಮೆ ಮೈಯೆಲ್ಲ ಕಾವು ಏರಿ ಬೆವತು ಹೋಗತೀನಿ. ನಿಮ್ಮವ್ವ ಸೆರಗಿನಿಂದ ಗಾಳಿ ಹಾಕ್ಕೊಂತ ನಕ್ಕಳು. "ನನಗೂ ಮುಟ್ಟು ನಿಂತಾಗ ಎರಡು ವರ್ಷ ಹಿಂಗ ಆಗಿತ್ತು," ಅಂದಳು. ಒಂದೇ ಮನಿಯಾಗ ಇದ್ದೆ ಹೊನ್ನೂ, ನನಗ ಗೊತ್ತೇ ಇದ್ದಿಲ್ಲ. "ಯಾಕ ಹೇಳಲಿಲ್ಲ?" ಅಂದೆ. "ನೀ ಕೇಳಿದ್ದೇನು?" ಅಂದಳು.

ಹಲಗಿ ಮ್ಯಾಲೆ ಮಲಗಿದಾಗ ನಿನ್ನ ಅರವತ್ತು ನೆನಪಾಗತೈತಿ. ಇಲಿ ಏನಾದವು?

ಅಪ್ಪ


ಹೈದರಾಬಾದ್
27 ಫೆಬ್ರವರಿ 1997

ಅಪ್ಪಾ,

ಮೂರು ಸಲ ಬರದು ಹರದೆ. ಇದು ನಾಲ್ಕನೇದ್ದು.

ತಟ್ಟ್ಯಾಗಿನ ಕೋಶ ಚುಚ್ಚಿ ಗಂಟು ಬೆಳೆಸಿದ ಇಲಿ, ಎರಡು ಪಂಜರ. ಒಂದರಾಗಿನ ಇಲಿಗಳಿಗೆ ಬರೇ ಕಿರಣ, ಇನ್ನೊಂದಕ್ಕ ಔಷಧ ಹಾಕಿ ಕಿರಣ. ಗೈಡ್ ಎದುರಿಗೆ ನಿಂತು ನನ್ನ ಕೈಲೇ ಹಾಕಿಸಿದ್ರು. ಮೂರನೇ ದಿನ ಎರಡನೇ ಪಂಜರದವು ಮೇವು ಬಿಟ್ಟವು. ಐದನೇ ದಿನ ಮುಂಜಾನಿ ಹೋಗಿ ನೋಡಿದ್ರ ಹತ್ತಕ್ಕ ಹತ್ತೂ ಸತ್ತಿದ್ದವು. ಬರೇ ಕಿರಣ ತಗೊಂಡವು ಬಾಜೂ ಪಂಜರದಾಗ ಕಾಳು ತಿನ್ನಾಕತ್ತಿದ್ದವು.

ಹೊಟ್ಟಿ ಕೊಯ್ದು ನೋಡಿದ್ವಿ. ಗಂಟು ಸಣ್ಣದಾಗಿತ್ತು ಅಪ್ಪ, ಖರೇನೇ ಸಣ್ಣದಾಗಿತ್ತು. ಆದ್ರ ಕರುಳಿನ ಒಳಪದರು ಇದ್ದಿಲ್ಲ. ಕಿರಣ ಗಂಟಿಗಷ್ಟ ಬೀಳಂಗಿಲ್ಲ, ಆಸುಪಾಸಿನ ಕರುಳಿಗೂ ಬೀಳತೈತಿ. ಕೆಟ್ಟ ಕೋಶಕ್ಕ ಹೊಲಿಯೋ ಆ ಕೈನೇಸ್ ಒಳ್ಳೆ ಕೋಶಕ್ಕೂ ಹೊಲೀತೈತಿ. ಅದನ್ನ ಕಟ್ಟಿದ್ರ ಎರಡೂ ಹರದು ಹೋಗತಾವ. ಇದು ನನಗ ಪುಸ್ತಕದಾಗ ಗೊತ್ತಿತ್ತು. ಪರೀಕ್ಷಿಯಾಗ ಬರದು ಮಾರ್ಕ್ಸ್ ತಗೊಂಡೀನಿ. ನಿನ್ನ ಹೊಟ್ಟ್ಯಾಗೂ ಕರುಳು ಐತಿ ಅನ್ನೋದು ಥರ್ಮಸ್ ಹಿಡಕೊಂಡು ಬರೋವಾಗ ಒಂದು ಸಲವೂ ನೆನಪಾಗಲಿಲ್ಲ.

ಗೇಟಿನ ಗುಡಿಸಲದಾಗ ನೀ ಹೂಂ ಅಂದಿದ್ರ ನಾ ಹಾಕತಿದ್ದೆ. ಆ ಐದನೇ ದಿನ ನನ್ನ ಬಿಡವಲ್ದು.

ಗೈಡ್ ಸಂಜಿಗೆ ಫ್ರಿಜ್ಜಿನ ಚಾವಿ ಹೊಳ್ಳಿ ಕೊಟ್ರು. "ಈಗ ನಿನ್ನ ಕೈಯಾಗ ಇರಲಿ," ಅಂದ್ರು. ಗಂಟಿಗೆ ಮಾತ್ರ ಮುಟ್ಟೋ ಹಂಗ ಈ ಔಷಧ ಕೊಡಾಕ ಬರತೈತೇನು ಅಂತ ನೋಡಬೇಕು. ಎಷ್ಟು ವರ್ಷ ಹಿಡಿತೈತೋ ಗೊತ್ತಿಲ್ಲ.

ನನಗ ಬಯ್ಯಿ ಅಪ್ಪ.

ಹೊನ್ನು


ತುರ್ವಿಹಾಳ
3 ಜೂನ್ 1997

ಹೊನ್ನೂ,

ಬಯ್ಯಾಕ ನನಗ ಬರಂಗಿಲ್ಲ. ನಿನ್ನ ಪತ್ರ ಇಸ್ಮಾಯಿಲ್‌ಗೆ ಓದಿ ಹೇಳಿದೆ. ಅವ ಎದ್ದು ಹೊರಗ ಹೋಗಿ ಬಹಳ ಹೊತ್ತು ಕಟ್ಟಿ ಮ್ಯಾಲೆ ಕುಂತ. ಯಾಕ ಅಂತ ಹೇಳಲಿಲ್ಲ.

ಹೋದ ವಾರ ಲಿಂಗಸುಗೂರಿಗೆ ಹೋಗಿದ್ದೆ. ರಕ್ತದಾಗ ಈ ರೋಗದ ಅಳತಿ ತೋರಸೋ ನಂಬರು ಆಪರೇಷನ್ನಿನ ಮೊದಲು ನಲವತ್ತಾರು ಇತ್ತಲ್ಲ, ಈಗ ಒಂದಕ್ಕ ಇಳದೈತಿ. ಡಾಕ್ಟರ್ ಖುಷಿ ಆದ್ರು. ನಾ ಕೇಳಿದೆ, "ಮತ್ತ ಬರತೈತೇನ್ರಿ?" ಅವರು ಚೀಟಿ ಬರಕೊಂತ, "ಮೂರು ತಿಂಗಳಿಗೊಮ್ಮೆ ನೋಡೋಣ," ಅಂದ್ರು. ಆ ಮಾತು ಹೊತ್ಕೊಂಡು ಮಸ್ಕಿತನ ಬಸ್ಸಿನಾಗ ನಿಂತೇ ಬಂದೆ. ನಂಬರು ಕೇಳಿ ನಿಮ್ಮವ್ವ ಸಕ್ಕರಿ ಹಂಚಿದಳು. ನನ್ನ ಬಾಯಿಗೆ ಹಾಕಿದ ಸಕ್ಕರಿ ಕರಗಲೇ ಇಲ್ಲ ಅನಿಸಿತು.

ದಿನಾ ಮುಂಜಾನೆ ಎದ್ದ ಕೂಡಲೇ ಸೊಂಟ ಒತ್ತಿ ನೋಡಿಕೊಂತೀನಿ, ನೋಯತೈತೇನು ಅಂತ. ಒಮ್ಮೊಮ್ಮೆ ಒತ್ತಿ ಒತ್ತಿನೇ ನೋಯತೈತಿ. ನನ್ನೊಳಗ ಎಷ್ಟು ಹೊಲಕೊಂಡು ಉಳದಾವೋ ಅಂತ ಕೇಳಬೇಕು ಅನಸತೈತಿ. ನಿನಗೂ ಗೊತ್ತಿಲ್ಲ ಅಂತ ಗೊತ್ತೈತಿ.

ಮುಂದಿನ ತಪಾಸಣಿ ಆಗಸ್ಟ್ ಇಪ್ಪತ್ತಾರಕ್ಕ, ಮಂಗಳವಾರ. ನೀ ರಜಾ ಹಾಕಿ ಬಾ. ಡಾಕ್ಟರ್ ಮುಂದ ಕುಂತ್ರ ನನ್ನ ಬಾಯಿ ಒಣಗತೈತಿ, ಏನು ಕೇಳಬೇಕು ಎಲ್ಲಾ ಮರೀತೀನಿ. ಹೊರಗ ಬೆಂಚಿನ ಮ್ಯಾಲೆ ಕುಂದ್ರಬ್ಯಾಡ. ನನ್ನ ಜೋಡಿ ಒಳಗ ಬಾ.

ನಿಮ್ಮಪ್ಪ,
ವೆಂಕೋಬ